ಮೂರನೆಯ ಕಾಯಿಲು ಸತ್ತ ಭಾನುವಾರ

ಮದುವೆಯಾದ ಹೊಸತರಲ್ಲಿ, ಹಲಸೂರು ಕೆರೆಯ ಕಟ್ಟೆಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ, ವೆಂಕಟಾಚಲ ತನ್ನ ಹೆಂಡತಿ ಅಂಬುಜಾಳಿಗೆ ಒಂದು ಮಾತು ಕೊಟ್ಟಿದ್ದ. ಆಗ ಅವನ ಬಳಿ ಇದ್ದದ್ದು ಒಂದು ಸೈಕಲ್ಲು, ಅದೂ ಅಣ್ಣ ತುಳಿದು ಬಿಟ್ಟದ್ದು. ಮಾತು ಮಾತ್ರ ನಾಲ್ಕು ಚಕ್ರದ್ದು. "ಒಂದಲ್ಲ ಒಂದಿನ ನಾವೂ ಗಾಡಿ ತಗೋತೀವಿ ಕಣೆ. ತಗೊಂಡ್ಮೇಲೆ ನಿಂಗೆ ಓಡ್ಸೋದು ನಾನೇ ಕಲಿಸ್ತೀನಿ. ಬೇರೆ ಯಾರೂ ಕಲಿಸ್ಬಾರ್ದು, ನಾನೇ," ಎಂದಿದ್ದ. ಅಂಬುಜಾ ಅವನ ಪಾಲಿನ ಕಡಲೆಕಾಯಿಯನ್ನೂ ತಾನೇ ತಿಂದು ಮುಗಿಸಿದ್ದಳು. ಹೊಸ ಹೆಂಡತಿಗೆ ಕೆರೆ ತೋರಿಸಲು ಕರೆತಂದ ಗಂಡಂದಿರು ಏನೇನೋ ಹೇಳುತ್ತಾರೆ, ಅದನ್ನೆಲ್ಲ ಯಾರು ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರೆ ಎಂಬುದು ಅವಳ ಎಣಿಕೆ. ಆದರೆ ವೆಂಕಟಾಚಲ ಗಂಟು ಕಟ್ಟಿ ಇಟ್ಟುಕೊಂಡಿದ್ದ. ತೊಂದರೆಯಾದದ್ದೇ ಅದರಿಂದ.

ಗಾಡಿ ಬರುವ ಹೊತ್ತಿಗೆ ಮಗಳು ಆಶ್ರಿತಾ ಹೈಸ್ಕೂಲು ಸೇರಿದ್ದಳು. ವೆಂಕಟಾಚಲ ವಿಮಾ ಕಚೇರಿಯಲ್ಲಿ ಗುಮಾಸ್ತ, ಅಂಬುಜಾ ಕೆ.ಆರ್. ಪುರದ ಕಡೆ ಒಂದು ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸಿ.ವಿ. ರಾಮನ್ ನಗರದ ಇಳಿಜಾರು ಬೀದಿಯೊಂದರಲ್ಲಿ ಇಬ್ಬರೂ ಸೇರಿ ಮನೆ ಕಟ್ಟಿಸಿ, ಅದಕ್ಕೆ ಸುಣ್ಣ ಹೊಡೆಸುವ ಮುಂಚೆಯೇ ವೆಂಕಟಾಚಲ ಯಾವುದೋ ಹರಾಜಿಗೆ ಹೋಗಿ ಗಾಡಿ ಹಿಡಿದುಕೊಂಡು ಬಂದ. ಕಾರಲ್ಲ, ಪಿಕಪ್ಪು. ಮುಂದೆ ಮೂವರು ಒತ್ತಿಕೊಂಡು ಕೂರುವ ಒಂದೇ ಸೀಟು, ಹಿಂದೆ ತೆರೆದ ತೊಟ್ಟಿ, ಪೆಟ್ರೋಲಿನ ಹಳೆಯ ಎಂಜಿನ್ನು. ಕಾರಿಗಿಂತ ಇದೇ ವಾಸಿ, ಬೇಕೆಂದರೆ ಇಡೀ ಮನೆಯನ್ನೇ ಸಾಗಿಸಬಹುದು ಎಂದು ಅವನು ವಿವರಿಸಿದಾಗ, ಈಗ ತಾನೇ ಕಟ್ಟಿಸಿದ ಮನೆಯನ್ನು ಎಲ್ಲಿಗೆ ಸಾಗಿಸುವುದು ಎಂದು ಅಂಬುಜಾ ಕೇಳಿದ್ದಳು. ಬೀದಿಯವರಿಗಂತೂ ಹಬ್ಬವಾಯಿತು. ಗ್ಯಾಸ್ ಸಿಲಿಂಡರಿನಿಂದ ಹಿಡಿದು ಗಣೇಶನನ್ನು ಬಿಡುವವರೆಗೆ ಎಲ್ಲದಕ್ಕೂ ವೆಂಕಟಾಚಲನ ಗಾಡಿಯೇ. ಹೋಗುವಾಗ ಗಾಡಿ ಅವರನ್ನು ಹೊತ್ತೊಯ್ಯುತ್ತಿತ್ತು, ಬರುವಾಗ ಹೆಚ್ಚಾಗಿ ಅವರೇ ಅದನ್ನು ತಳ್ಳಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಸೊಪ್ಪಿನವಳ ತಳ್ಳುಗಾಡಿ, ಆಮೇಲೆ ವೆಂಕಟಾಚಲನ ತಳ್ಳುಗಾಡಿ ಎಂದು ಎದುರು ಮನೆಯ ಶಿಶಿರ್ ಇಟ್ಟ ಹೆಸರು ಬೀದಿಯಲ್ಲಿ ನಿಂತುಬಿಟ್ಟಿತು.

ಗಾಡಿ ಬಂದ ವಾರವೇ ಅಂಬುಜಾ ಕೆರೆಯ ಕಟ್ಟೆಯ ಮಾತನ್ನು ನೆನಪಿಸಿದಳು. ಕಲಿಸುತ್ತೇನೆ, ಅದಕ್ಕೇನು, ಆದರೆ ಮೊದಲು ಗಾಡಿ ಒಂದು ಹದಕ್ಕೆ ಬರಲಿ ಎಂದ ವೆಂಕಟಾಚಲ. ಕ್ಲಚ್ಚು ಹದಕ್ಕೆ ಬರುವಷ್ಟರಲ್ಲಿ ಬ್ರೇಕು ಹದ ತಪ್ಪಿತು. ಬ್ರೇಕು ಸರಿಹೋದಾಗ ಆಷಾಢ ಬಂತು, ಹೊಸ ಕೆಲಸ ಶುರು ಮಾಡುವಂತಿಲ್ಲ. ಶ್ರಾವಣದಲ್ಲಿ ಹಬ್ಬಗಳ ಗಲಾಟೆ, ಭಾದ್ರಪದದಲ್ಲಿ ಪಿತೃಪಕ್ಷ, ಅದು ಕಳೆದರೆ ಆಶ್ರಿತಾಳ ಪರೀಕ್ಷೆ. ಪಂಚಾಂಗದಲ್ಲಿ ಹೆಂಡತಿಗೆ ಗಾಡಿ ಕಲಿಸಲು ಒಂದು ದಿನವನ್ನೂ ಇಟ್ಟಿಲ್ಲವೆಂದು ಅಂಬುಜಾಳಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಹೋಗಲಿ, ಇಂದಿರಾನಗರದಲ್ಲಿ ಒಂದು ಡ್ರೈವಿಂಗ್ ಸ್ಕೂಲು ಸೇರುತ್ತೇನೆ ಎಂದಳು. ವೆಂಕಟಾಚಲ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ನಾನಿದ್ದೂ ನೀನು ಬೇರೆಯವ್ರ ಹತ್ರ ಕಲೀತೀಯಾ? ಮಾತು ಕೊಟ್ಟಿದ್ದೀನಿ ಅಂಬುಜಾ."

ಹೀಗೆ ಆ ಮಾತು ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯಂತೆ ಮಲಗಿತ್ತು. ಅವನು ಕಲಿಸುತ್ತಿರಲಿಲ್ಲ, ಕಲಿಸುವವರ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ.

ಅಂಬುಜಾಳಿಗೆ ಗಾಡಿಯ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ಕಾರ್ಖಾನೆಯ ಬಸ್ಸು ಅವರ ಕಡೆ ಬರುವುದನ್ನು ನಿಲ್ಲಿಸಿದ ಮೇಲೆ ಅವಳು ಎರಡು ಬಸ್ಸು ಹಿಡಿಯಬೇಕಿತ್ತು. ತಿಂಡಿ, ಮಧ್ಯಾಹ್ನದ ಮೂರು ಡಬ್ಬಿ, ಆಶ್ರಿತಾಳ ಜಡೆ ಎಲ್ಲ ಮುಗಿಸಿ ಓಡಿದರೆ, ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅಲ್ಲಿ ತೂಗುಸೇತುವೆ ಕಟ್ಟುತ್ತಿದ್ದ ಕಾಲ. ದೂಳೂ ಲಾರಿಗಳೂ ಸೇರಿ ಬಸ್ಸು ಯಾವುದು, ಜಲ್ಲಿ ರಾಶಿ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಕಂಬಿಗೆ ಜೋತುಬಿದ್ದು ನಿಂತಲ್ಲೇ ತೂಕಡಿಸುವುದನ್ನು ಅವಳು ಅಭ್ಯಾಸ ಮಾಡಿಕೊಂಡಿದ್ದಳು. ಅಷ್ಟು ಹೊತ್ತೂ ಮನೆಯ ಮುಂದೆ ನಾಲ್ಕು ಚಕ್ರದ ಗಾಡಿಯೊಂದು ಬಿಸಿಲು ಕಾಯಿಸುತ್ತ ನಿಂತಿರುತ್ತಿತ್ತು. ವೆಂಕಟಾಚಲ ಕಚೇರಿಗೆ ಹೋಗುವುದು ಸ್ಕೂಟರಿನಲ್ಲಿ. ಗಾಡಿ ಓಡಿಸಿಕೊಂಡು ಹೋದರೆ ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ಮಲಗಬಹುದು. ಅಷ್ಟೇ ಅವಳ ಆಸೆ.

ಓಡಿಸಲು ಕಲಿಸದಿದ್ದರೂ ಓಡದ ಗಾಡಿಯಲ್ಲಿ ಅವಳನ್ನು ಕೂರಿಸುವುದರಲ್ಲಿ ವೆಂಕಟಾಚಲ ಎಂದೂ ಹಿಂದೆ ಬೀಳಲಿಲ್ಲ. ಅವನು ಮೆಕ್ಯಾನಿಕ್ಕನ ಹತ್ತಿರ ಹೋಗುವವನಲ್ಲ. ಪ್ರತಿ ಭಾನುವಾರ ಹಳೆಯ ಬನಿಯನ್ನು ತೊಟ್ಟು ಬಾನೆಟ್ಟು ಎತ್ತಿದರೆ ಸೊಂಟದವರೆಗೆ ಒಳಗೆ ಹೋಗಿಬಿಡುತ್ತಿದ್ದ. ಅಡುಗೆ ಮನೆಯ ಇಕ್ಕಳ, ಅಂಬುಜಾಳ ಹಳೆಯ ಸೀರೆಯ ತುಂಡು, ಒಮ್ಮೆ ಆಶ್ರಿತಾಳ ಜಾಮಿಟ್ರಿ ಪೆಟ್ಟಿಗೆಯ ಕೈವಾರ ಕೂಡ ಒಳಗೆ ಹೋಗಿ ಕರಿಯಾಗಿ ಹೊರಬಂದಿದ್ದವು. ಅವನು ಒಳಗಿದ್ದಾಗ ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲೇಬೇಕು. ಅದು ಅಂಬುಜಾ. ಬಾನೆಟ್ಟಿನ ಹಿಂದಿನಿಂದ ಕ್ಲಚ್ ಒತ್ತು, ಬ್ರೇಕ್ ಪಂಪ್ ಮಾಡು, ಸೆಲ್ಫ್ ಹೊಡಿ, ಆಕ್ಸಿಲರೇಟರ್ ಮೆಲ್ಲಗೆ ಎಂದು ಅಪ್ಪಣೆಗಳು ಬರುತ್ತಿದ್ದವು. ಇವಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕಾಲಿನಲ್ಲಿ ಅದನ್ನೆಲ್ಲ ಮಾಡುತ್ತಿದ್ದಳು. ಎಂಜಿನ್ನು ಹತ್ತದಿದ್ದರೆ ಶಿಶಿರ್ ಮತ್ತವನ ಗೆಳೆಯರು ಬಂದು ತಳ್ಳುವರು. ಮೊದಲು ಗೇಟಿನಿಂದ ಹಿಂದಕ್ಕೆ ಬೀದಿಗೆ, ಆಮೇಲೆ ಇಳಿಜಾರಿನಲ್ಲಿ ಮುಂದಕ್ಕೆ, ಸ್ಟೀರಿಂಗು ಅಂಬುಜಾಳ ಕೈಯಲ್ಲಿ. ಸೆಕೆಂಡ್ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು, ಗಾಡಿ ಓಟ ಹಿಡಿದ ಗಳಿಗೆ ನೋಡಿ ಅವಳು ಕಾಲು ಬಿಟ್ಟರೆ ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಳ್ಳುತ್ತಿತ್ತು. ಹತ್ತಿದ್ದೇ ತಡ, ವೆಂಕಟಾಚಲ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬರುತ್ತಿದ್ದ.

"ಇಳಿ, ಇಳಿ. ಇನ್ನು ನಾನು ತಗೋತೀನಿ."

ಅಂಬುಜಾ ಮೊರದ ಸಮೇತ ಇಳಿದು ಮನೆಗೆ ನಡೆದು ಬರುತ್ತಿದ್ದಳು.

ವೆಂಕಟಾಚಲನಿಗೆ ಇನ್ನೊಂದು ಭಯವಿತ್ತು, ಕಳ್ಳರದು. ಮಾರತ್ತಹಳ್ಳಿಯಲ್ಲಿ ಯಾರದೋ ಜೀಪು ಮನೆ ಮುಂದಿನಿಂದಲೇ ಹೋಯಿತೆಂದು ಕಚೇರಿಯಲ್ಲಿ ಕೇಳಿದ ಮೇಲೆ ಅವನೊಂದು ಉಪಾಯ ಕಂಡುಕೊಂಡ. ಎಂಜಿನ್ನಿನ ಪಕ್ಕದಲ್ಲಿ ಟಾನಿಕ್ ಸೀಸೆಯ ಗಾತ್ರದ ಒಂದು ಡಬ್ಬಿ ಇರುತ್ತದೆ, ಅದೇ ಕಾಯಿಲು. ಬ್ಯಾಟರಿಯ ಸಣ್ಣ ಕರೆಂಟನ್ನು ದೊಡ್ಡದು ಮಾಡಿ ಕಿಡಿ ಕೊಡುವುದು ಅದು. ಅದರ ಬಾಯಿಂದ ಹೊರಡುವ ದಪ್ಪ ಕರಿ ವೈರೊಂದನ್ನು ಕಿತ್ತಿಟ್ಟುಕೊಂಡರೆ ಯಾವ ಕಳ್ಳನ ಅಪ್ಪನಿಗೂ ಗಾಡಿ ಚಾಲು ಮಾಡಲಾಗದು. ಅವನು ದಿನವೂ ಸಂಜೆ ಆ ವೈರನ್ನು ಕಿತ್ತು ತಂದು ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಎಂದು ದೇವರ ಗೂಡಿನಲ್ಲಿ ಇಡತೊಡಗಿದ. ಬೆಳ್ಳಿ ಗಣಪತಿಗೂ ಗಂಗೆಯ ಗಿಂಡಿಗೂ ನಡುವೆ ಅದು ಸುತ್ತಿಕೊಂಡು ಕೂತಿರುತ್ತಿತ್ತು. ಮೊದಮೊದಲು ನಾಗಪ್ಪ ಬಂದು ಕೂತಂತೆ ಕಂಡು ಅಂಬುಜಾಳಿಗೆ ಎದೆ ಝಲ್ಲೆನ್ನುತ್ತಿತ್ತು. ಆಮೇಲೆ ಅದೂ ಅಭ್ಯಾಸವಾಯಿತು.

ಗಾಡಿಯ ಕಾಯಿಲು ಮೊದಲ ಸಲ ಸತ್ತದ್ದು ದೀಪಾವಳಿಯ ಸುಮಾರಿಗೆ. ಎರಡನೆಯದು ಶಿವರಾತ್ರಿ ದಾಟಲಿಲ್ಲ. ಎರಡು ಸಲವೂ ವೆಂಕಟಾಚಲ ಶಿವಾಜಿನಗರದ ಅಹ್ಮದ್ ಪಾಷಾನ ಬಿಡಿಭಾಗದ ಅಂಗಡಿಯಿಂದ ಹೊಸದು ತಂದು, ಒಂದೊಂದು ಭಾನುವಾರ ಪೂರ್ತಿ ತಗೊಂಡು, ತಾನೇ ಹಾಕಿದ್ದ.

ಈ ನಡುವೆ ಅಂಬುಜಾ ಸದ್ದಿಲ್ಲದೆ ಒಂದು ಕೆಲಸ ಮಾಡಿದ್ದಳು. ಇಂದಿರಾನಗರದ ಆರ್‌ಟಿಒ ಕಚೇರಿಗೆ ಹೋಗಿ ಕಲಿಯುವವರ ಲೈಸೆನ್ಸು ತಂದಳು. ಗಂಡ ಕಲಿಸಲಿ ಎಂದು ಕಾದು ಅದರ ಅವಧಿ ಮುಗಿಯಿತು. ಮತ್ತೆ ತಂದಳು. ಅದೂ ಬರುವ ಸೋಮವಾರಕ್ಕೆ ಮುಗಿಯುತ್ತಿತ್ತು, ಪರೀಕ್ಷೆಗೆ ಅದೇ ಸೋಮವಾರ ಕರೆದಿದ್ದರು. ಇದು ತಪ್ಪಿದರೆ ಮೂರನೆಯ ಸಲ ತರುವುದಿಲ್ಲ, ಇನ್ನು ಆ ಮಾತನ್ನೇ ಎತ್ತುವುದಿಲ್ಲ ಎಂದು ಅಂಬುಜಾ ಗಂಡನಿಗೆ ಹೇಳಿದಳು. ಕೂಗಾಡಿ ಹೇಳಲಿಲ್ಲ, ದೋಸೆ ಮಗುಚುತ್ತ ಹೇಳಿದಳು. ವೆಂಕಟಾಚಲನಿಗೆ ಅದರಿಂದಲೇ ಭಯವಾಯಿತು. ಭಾನುವಾರ ಬೆಳಿಗ್ಗೆಯೇ ಹತ್ತಿರದ ಬಯಲಿಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಕಲಿಸುತ್ತೇನೆ, ಒಂದು ದಿನ ಸಾಕು, ನೀನು ಚುರುಕು ಎಂದ. ಅಂಬುಜಾ ಶನಿವಾರವೇ ಪುಳಿಯೋಗರೆಗೆ ಗೊಜ್ಜು ಮಾಡಿಟ್ಟಳು, ಬಯಲಿಗೆ ಕಟ್ಟಿಕೊಂಡು ಹೋಗಲು.

ಭಾನುವಾರ ಬೆಳಿಗ್ಗೆ ಗಾಡಿ ಹತ್ತಲಿಲ್ಲ. ಅವನು ವೈರಿನ ತುದಿಯನ್ನು ಎಂಜಿನ್ನಿನ ಹತ್ತಿರ ಹಿಡಿದು ಇವಳಿಂದ ಸೆಲ್ಫ್ ಹೊಡೆಸಿ ನೋಡಿದ. ಕಿಡಿ ಇಲ್ಲ. ಮೂರನೆಯ ಕಾಯಿಲೂ ಸತ್ತಿತ್ತು. ವೆಂಕಟಾಚಲ ಒಳಗೆ ಹೋಗಿ ಅಹ್ಮದ್ ಪಾಷಾನಿಗೆ ಫೋನು ಮಾಡಿ, ನೀವು ಕೊಟ್ಟಿದ್ದು ಕಾಯಿಲೋ ಊದುಬತ್ತಿಯೋ, ಹಚ್ಚಿದರೆ ಮುಗಿದೇ ಹೋಗುತ್ತದೆ ಎಂದು ಜಾಡಿಸಿದ.

ಪಾಷಾ ಅಂಗಡಿಯನ್ನು ತಮ್ಮ ನಯಾಜ್‌ಗೆ ಒಪ್ಪಿಸಿ, ಹೊಸ ಕಾಯಿಲೊಂದನ್ನು ಉರ್ದು ಪತ್ರಿಕೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ತಾನೇ ಬಂದ. ಬಿಳಿ ಜುಬ್ಬಾ, ಗೋರಂಟಿ ಹಚ್ಚಿದ ಗಡ್ಡ, ಮುಖ ಸೊಟ್ಟಗೆ. ತನ್ನ ಅಂಗಡಿಯ ಕಾಯಿಲು ಹಾಕಿಸಿಕೊಂಡ ಗಾಡಿಗಳು ಕೋಲಾರದವರೆಗೆ ಓಡುತ್ತಿವೆ, ಒಂದೇ ಮನೆಯಲ್ಲಿ ಮೂರು ಸತ್ತವೆಂದರೆ ಅದನ್ನು ಕಣ್ಣಾರೆ ನೋಡದೆ ತನಗೆ ಊಟ ಸೇರುವುದಿಲ್ಲ ಎಂದ. ಅಂಬುಜಾ ಕೊಟ್ಟ ಕಾಫಿಯನ್ನು ಮುಟ್ಟದೆ ಸತ್ತ ಕಾಯಿಲನ್ನು ಬಿಚ್ಚಿಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ಬಾಯೊಳಗೆ ನೋಡಿದ.

"ಸಾರ್, ಒಳಗೆ ಏನೋ ಕೆಂಪಗಿದೆ."

"ತುಕ್ಕು," ಎಂದ ವೆಂಕಟಾಚಲ. "ನಿಮ್ಮ ಅಂಗ್ಡೀಲೇ ಹಿಡಿದಿರ್ಬೇಕು."

"ಹಿತ್ತಾಳೆಗೆ ಎಲ್ಲಿ ಸಾರ್ ತುಕ್ಕು ಹಿಡಿಯುತ್ತೆ?" ಪಾಷಾ ಕಾಯಿಲನ್ನು ಮೂಗಿನ ಹತ್ತಿರ ತಂದ. "ವಾಸ್ನೆ ಬೇರೆ ಬರ್ತಿದೆ. ಒಳ್ಳೇ ವಾಸ್ನೆ."

ಡ್ರೈವರ್ ಸೀಟಿನಲ್ಲಿ ಕೂತಿದ್ದ ಅಂಬುಜಾ ಇಳಿದು ಬಂದು ಬಗ್ಗಿ ನೋಡಿದಳು. ನೋಡಿದ ಮೇಲೆ ಒಳಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾದವಳಂತೆ ಬಾಗಿಲ ಕಡೆ ತಿರುಗಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಪ್ರತಿ ಶುಕ್ರವಾರ ಸಂಜೆ ದೇವರ ಗೂಡಿನ ಸಮಸ್ತರಿಗೂ ಅರಿಸಿನ ಕುಂಕುಮ ಇಡುವಾಗ, ಅಲ್ಲೇ ಬಂದು ಕೂತಿದ್ದ ಕರಿ ವೈರೊಂದನ್ನು ಮಾತ್ರ ಬಿಡುವುದು ಅವಳಿಗೆ ಸರಿಕಾಣುತ್ತಿರಲಿಲ್ಲ. ಬೆರಳನ್ನು ದೀಪದ ಎಣ್ಣೆಯಲ್ಲಿ ಅದ್ದಿ, ಕುಂಕುಮ ನಿಲ್ಲಲಿ ಎಂದು, ಅದರ ಹಿತ್ತಾಳೆಯ ತಲೆಗೆ ಒತ್ತಿ ಒತ್ತಿ ಇಡುತ್ತಿದ್ದಳು. ಗಾಡಿ ಚೆನ್ನಾಗಿ ಓಡಲಪ್ಪ, ನನ್ನ ಕೈಗೂ ಒಂದು ದಿನ ಸಿಗಲಪ್ಪ ಎಂದು ಬೇಡಿಕೊಳ್ಳುತ್ತಿದ್ದಳು ಕೂಡ. ಬೆಳಿಗ್ಗೆ ವೆಂಕಟಾಚಲ ಅದನ್ನು ತೆಗೆದು ಸೀದಾ ಕಾಯಿಲಿನ ಬಾಯಿಗೆ ತುರುಕುತ್ತಿದ್ದ.

ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ಆಶ್ರಿತಾ ಪುಟ ಮಗುಚುತ್ತ ಹೇಳಿದಳು: "ಅಪ್ಪಾ, ಅದು ತುಕ್ಕಲ್ಲ. ಅಮ್ಮನ ಶುಕ್ರವಾರ."

ಆಮೇಲೆ ಪಾಷಾ ಬಹಳ ಮರ್ಯಾದೆಯಿಂದ ವಿವರಿಸಿದ. ಎಣ್ಣೆ ಕುಂಕುಮ ಸೇರಿ ಕಾಯಿಲಿನ ಬಾಯೊಳಗೆ ಒಂದು ದಾರಿಯಾಗಿದೆ. ಕರೆಂಟು ಎಂಜಿನ್ನಿಗೆ ಹೋಗುವುದನ್ನು ಬಿಟ್ಟು ಆ ದಾರಿ ಹಿಡಿದು ಹೊರಗೆ ಹಾರಿದೆ. ದಿನವೂ ಅಲ್ಲೇ ಸುಟ್ಟು ಸುಟ್ಟು ಬಾಯಿ ಬಿರಿದಿದೆ. ವೆಂಕಟಾಚಲನ ಮುಖ ಅರಳಿತು. ಮೂರೂ ಸಲ ತನ್ನ ಕೈಗುಣವನ್ನೇ ಒಳಗೊಳಗೆ ಶಂಕಿಸಿದ್ದ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡಿದ್ಯಾ? ನಾನು ಹಾಕ್ತಾ ಇದ್ದೆ, ನೀನು ಕೊಲ್ತಾ ಇದ್ದೆ."

"ಕುಂಕುಮ ಇಟ್ಟಿದ್ದು ನಾನೇ, ಇಲ್ಲ ಅನ್ನಲ್ಲ," ಎಂದಳು ಅಂಬುಜಾ. "ಗಾಡಿ ಸಾಮಾನನ್ನ ಗಣಪತಿ ಪಕ್ಕ ಕೂರಿಸಿದ್ದು ಯಾರು?"

ಇಬ್ಬರೂ ಪಾಷಾನ ಮುಖ ನೋಡಿದರು. ಪಾಷಾ ತೀರ್ಪು ಕೊಡುವ ಗೋಜಿಗೆ ಹೋಗದೆ ಆರಿದ ಕಾಫಿಯನ್ನು ಕೈಗೆತ್ತಿಕೊಂಡು ತನ್ನ ಮನೆಯ ಕತೆ ಹೇಳಿದ. ಅವನ ಹೆಂಡತಿ ಚಾಂದ್ ಬೀ ಸ್ಕೂಟರಿ‌ಗೆ ದೃಷ್ಟಿಯಾಗದಿರಲಿ ಎಂದು ತಾಯಿತ ಕಟ್ಟಿದ್ದಳಂತೆ, ಬೇರೆ ಜಾಗ ಸಿಗದೆ ಬ್ರೇಕಿನ ತಂತಿಗೇ. ಅವತ್ತು ಅಂಗಡಿಯ ಮುಂದೆ ನಿಲ್ಲಬೇಕಾದವನು ಶಿವಾಜಿನಗರದ ಬಸ್ ಸ್ಟ್ಯಾಂಡು ದಾಟಿ ಒಂದು ಕಲ್ಲಂಗಡಿ ರಾಶಿಯಲ್ಲಿ ನಿಂತೆ ಎಂದ. "ಆದ್ರೆ ಮೇಡಂ, ದೃಷ್ಟಿ ಮಾತ್ರ ಆಗ್ಲಿಲ್ಲ." ಅಂಗಡಿಯ ಹೆಸರು ಉಳಿದ ಖುಷಿಗೆ ಹೊಸ ಕಾಯಿಲನ್ನು ಅಲ್ಲೇ ಬಿಟ್ಟು, ಇನ್ನು ಮೇಲೆ ವೈರು ಕೀಳಬೇಡಿ ಎಂದು ಹೇಳಿ ಸ್ಕೂಟರ್ ಹತ್ತಿದ. ಹತ್ತುವ ಮುಂಚೆ, ಕಾಯಿಲು ಹಾಕಿಕೊಡಲೇ ಎಂದು ಕೇಳಿದ್ದ. ವೆಂಕಟಾಚಲ ಬೇಡವೆಂದ. ಬೇಕೆಂದಿದ್ದರೆ ಹನ್ನೊಂದು ಗಂಟೆಗೆ ಬಯಲಿನಲ್ಲಿ ಇರಬಹುದಿತ್ತು.

ಒಂದು ಕಾಯಿಲು ಹಾಕುವುದರಲ್ಲಿ ಏನಿದೆ? ಹಳೆಯದು ಆಗಲೇ ಹೊರಗೆ ಬಂದಿತ್ತು. ಹೊಸದನ್ನು ಪಟ್ಟಿಯಲ್ಲಿ ಕೂರಿಸಿ, ಎರಡು ನಟ್ಟು ಬಿಗಿದು, ಎರಡು ಸಣ್ಣ ವೈರುಗಳನ್ನು ಅದಲುಬದಲಾಗದಂತೆ ಸೇರಿಸಿ, ದಪ್ಪ ವೈರನ್ನು ಬಾಯಿಗೆ ಒತ್ತಬೇಕು. ವೆಂಕಟಾಚಲನ ಕೈಯಲ್ಲಿ ಅದು ಮದುವೆ ಮನೆಯ ಶಾಸ್ತ್ರದಂತೆ ಬೆಳೆಯಿತು. ಒಂದು ನಟ್ಟು ಎಂಜಿನ್ನಿನ ಸಂದಿಗೆ ಬಿತ್ತು. ಅದನ್ನು ತೆಗೆಯಲು ಇಕ್ಕಳ ಬಂತು, ಇಕ್ಕಳವೂ ಬಿತ್ತು. ಎರಡನ್ನೂ ಹುಡುಕಿ ತೆಗೆಯುವಷ್ಟರಲ್ಲಿ ಬಯಲಿಗೆಂದು ಕಟ್ಟಿದ್ದ ಪುಳಿಯೋಗರೆಯನ್ನು ಮೂವರೂ ಗಾಡಿಯ ತೊಟ್ಟಿಯಲ್ಲಿ ಕೂತು ಉಂಡರು. ಬಾಳೆ ಎಲೆಯೂ ಇತ್ತು, ಬಿಸಿಲೂ ಇತ್ತು, ಬಯಲೊಂದು ಇರಲಿಲ್ಲ. ಊಟವಾದ ಮೇಲೆ ಹೊಸ ಕಾಯಿಲು ಕೂತಿತು. ಅಂಬುಜಾ ಸೆಲ್ಫ್ ಹೊಡೆದಳು. ಎಂಜಿನ್ನು ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಎಂದು ಬಾನೆಟ್ಟಿನ ಹಿಂದಿನಿಂದ ಕೂಗು ಬರುತ್ತಲೇ ಇತ್ತು. ನಡುವೆ ವೈರು ಮುಟ್ಟಿ ಕರೆಂಟು ಹೊಡೆದು ವೆಂಕಟಾಚಲ ಒಂದು ಹೆಜ್ಜೆ ಕುಣಿದ. ಕಿಡಿ ಬರುತ್ತಿರುವುದಕ್ಕೆ ಅದೇ ಸಾಕ್ಷಿ ಎಂದು ಮುಂದುವರಿಸಿದ.

"ಕಿಡಿ ನಿಮಗೆ ಬರ್ತಿದೆ, ಎಂಜಿನ್ನಿಗೆ ಬರ್ತಿಲ್ಲ," ಎಂದಳು ಅಂಬುಜಾ ಸೀಟಿನಿಂದಲೇ. ಎಷ್ಟೋ ಭಾನುವಾರ ಅದೇ ಸೀಟಿನಲ್ಲಿ ಕೂತು ಅದರ ಕೆಮ್ಮು ಕೇಳಿ ಕೇಳಿ ಅವಳಿಗೆ ಅಷ್ಟು ಗೊತ್ತಾಗುತ್ತಿತ್ತು. "ಕಾಯಿಲೇನೋ ಹೊಸದು, ಸರಿ. ಆ ವೈರಿನ ತಲೆ ತೊಳೆದ್ರಾ?"

ತೊಳೆದಿರಲಿಲ್ಲ. ಅದೇ ಕುಂಕುಮದ ತಲೆಯನ್ನೇ ಹೊಸ ಕಾಯಿಲಿಗೂ ತುರುಕಿದ್ದ. ಬೇರೆ ಏನೂ ಸಿಗದೆ ಆಶ್ರಿತಾಳ ಹಲ್ಲುಜ್ಜುವ ಬ್ರಷ್ಷಿಗೆ ಪೆಟ್ರೋಲು ಹಾಕಿ ಉಜ್ಜಿದ. ಆಶ್ರಿತಾ ಆ ಬ್ರಷ್ಷಿನ ಮುಖವನ್ನು ಮತ್ತೆ ನೋಡಲಿಲ್ಲ. ವೈರು ಒಣಗಿಸಿ ಹಾಕಿದಾಗ ಎಂಜಿನ್ನು ಹತ್ತಿತು. ಎರಡು ನಿಮಿಷ ಗುಡುಗಿ, ಅವನು ಆರಿಸಿದ ಮೇಲೆ ಮತ್ತೆ ಸೆಲ್ಫ್ ಹೊಡೆದರೆ ಟಕ್ ಎಂದಿತು, ಅಷ್ಟೇ. ದಿನವಿಡೀ ಹೊಡೆದು ಹೊಡೆದು ಬ್ಯಾಟರಿ ಬಸವಳಿದಿತ್ತು. ಭಾನುವಾರ ಸಂಜೆ ಚಾರ್ಜ್ ಹಾಕಿಕೊಡುವ ಅಂಗಡಿ ಎಲ್ಲಿಂದ ಬರಬೇಕು? ಬೀದಿ ದೀಪಗಳು ಹತ್ತಿಕೊಂಡವು. ಕಲಿಕೆ ಹಾಗೇ ಉಳಿಯಿತು.

ಅಂದು ವೈರನ್ನು ಕೀಳದೆ ಮಲಗಲು ವೆಂಕಟಾಚಲನಿಗೆ ಮನಸ್ಸು ಬರಲಿಲ್ಲ. ಕೊನೆಗೆ ನಾಯಿ ಕಟ್ಟುವ ಸರಪಳಿಯೊಂದನ್ನು ಸ್ಟೀರಿಂಗಿಗೆ ಸುತ್ತಿ, ಬೀಗ ಜಡಿದು, ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟ. ಸೋಮವಾರ ಬೆಳಿಗ್ಗೆ ದೀಪ ಹಚ್ಚುವಾಗ ಅಂಬುಜಾಳ ಕುಂಕುಮದ ಬೆರಳು ಅದರ ಹತ್ತಿರ ಹೋಗಿ ಹಿಂದಕ್ಕೆ ಬಂತು.

ಶಿಶಿರ್ ಮತ್ತವನ ಗೆಳೆಯರು ತಳ್ಳಿದರು, ಅಂಬುಜಾ ಕ್ಲಚ್ ಬಿಟ್ಟಳು, ಗಾಡಿ ಹತ್ತಿತು, ವೆಂಕಟಾಚಲ ಓಡಿ ಬಂದು ಅವಳನ್ನು ಪಕ್ಕಕ್ಕೆ ಸರಿಸಿದ. ಪರೀಕ್ಷೆಯ ದಿನ ಆಯಾಸವಾಗಬಾರದು ಎಂದು ಕಾರಣ ಕೊಟ್ಟ. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ಇದು ಕ್ಲಚ್ಚು, ಗೇರು ಬದಲಿಸುವಾಗ ಒತ್ತಬೇಕು. ಇದು ಇಂಡಿಕೇಟರು, ಕೆಲಸ ಮಾಡುವುದಿಲ್ಲ, ಕೈ ಹೊರಗೆ ಹಾಕಬೇಕು. ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ ಅವನ ಮುಖದಲ್ಲಿ ದೊಡ್ಡ ಹೊರೆ ಇಳಿದ ಸಮಾಧಾನ ಕಾಣಿಸಿತು.

"ನೋಡು, ಕಲಿಸ್ದಂಗೆ ಆಯ್ತಲ್ಲ."

"ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದ್ದು ಲೆಕ್ಕಕ್ಕಿಲ್ಲ ರೀ," ಎಂದಳು ಅಂಬುಜಾ.

ಪರೀಕ್ಷೆಯ ಜಾಗದಲ್ಲಿ ಗಾಡಿಗಳ ಸಾಲು ಉದ್ದವಿತ್ತು. ಬಂದವರೆಲ್ಲ ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರುಗಳಲ್ಲಿ ಬಂದಿದ್ದರು. ನಡುವೆ ಇವರ ಪಿಕಪ್ಪು ಮಕ್ಕಳ ಸಾಲಿನಲ್ಲಿ ನಿಂತ ಹೆಡ್‌ಮಾಸ್ಟರಂತೆ ಕಾಣುತ್ತಿತ್ತು. ಬ್ಯಾಟರಿಯನ್ನು ನಂಬುವಂತಿಲ್ಲ, ಎಂಜಿನ್ನು ಆರಿಸಬೇಡಿ ಎಂದು ಅಂಬುಜಾ ದಾರಿಯಲ್ಲೇ ಹೇಳಿದ್ದಳು. ಅವಳು ಕಾಗದಗಳನ್ನು ತೋರಿಸಿ ಬರಲು ಹೋದಾಗ, ನಿಂತ ಗಾಡಿಯಲ್ಲಿ ಪೆಟ್ರೋಲು ಸುಮ್ಮನೆ ಉರಿಯುವುದನ್ನು ನೋಡಲಾರದೆ ವೆಂಕಟಾಚಲ ಆರಿಸಿಬಿಟ್ಟ. ಅವಳ ಹೆಸರು ಕೂಗಿದರು. ಅವಳು ಸೀಟಿಗೆ ಹತ್ತಿ ಸೆಲ್ಫ್ ಹೊಡೆದಳು. ಟಕ್.

ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದ ಇನ್ಸ್‌ಪೆಕ್ಟರು, ಗಾಡಿ ಸರಿಮಾಡಿಸಿಕೊಂಡು ಇನ್ನೊಂದು ದಿನ ಬನ್ನಿ ಎಂದರು. ಒರಟಾಗಿಯೇನೂ ಅಲ್ಲ. ಆದರೆ ಅಂಬುಜಾಳಿಗೆ ಇನ್ನೊಂದು ದಿನ ಇರಲಿಲ್ಲ. ಸ್ಟೀರಿಂಗ್ ಹಿಡಿದು ಕೂತವಳ ಕಣ್ಣ ಮುಂದೆ ಟಿನ್ ಫ್ಯಾಕ್ಟರಿಯ ದೂಳು ಬಂತು, ಬಸ್ಸಿನ ಕಂಬಿ ಬಂತು, ಇನ್ನುಳಿದ ನೌಕರಿಯ ಅಷ್ಟೂ ಬೆಳಗುಗಳು ಬಂದವು. ವೆಂಕಟಾಚಲ ಆಗಲೇ ಬಾನೆಟ್ಟಿನ ಕಡೆ ನಡೆದಿದ್ದ.

"ರೀ, ಅದನ್ನ ಮುಟ್ಟಬೇಡಿ," ಎಂದಳು ಅಂಬುಜಾ ಕಿಟಕಿಯಿಂದ ತಲೆ ಹೊರಗೆ ಹಾಕಿ. "ಹಿಂದೆ ಹೋಗಿ ತಳ್ಳಿ."

ಇಷ್ಟು ವರ್ಷದಲ್ಲಿ ಅವನು ಆ ಗಾಡಿಯನ್ನು ಒಮ್ಮೆಯೂ ತಳ್ಳಿರಲಿಲ್ಲ. ಅದು ಬೀದಿಯವರ ಕೆಲಸ. ಒಂದು ಗಳಿಗೆ ಹೆಂಡತಿಯ ಮುಖ ನೋಡಿದ. ಆಮೇಲೆ ಹಿಂದೆ ಹೋಗಿ ಶರ್ಟಿನ ತೋಳು ಮಡಚಿದ. ಸರದಿಯಲ್ಲಿದ್ದ ಹುಡುಗರೂ ಡ್ರೈವಿಂಗ್ ಸ್ಕೂಲಿನ ಮಾಸ್ತರೊಬ್ಬರೂ ಕೈ ಕೊಟ್ಟರು. ಗಾಡಿ ಉರುಳಿತು, ಓಟ ಹಿಡಿಯಿತು, ಅಂಬುಜಾ ಕಾಲು ಬಿಟ್ಟಳು. ಎಂಜಿನ್ನು ಕೆಮ್ಮಿ ಗುಡುಗಿತು. ವೆಂಕಟಾಚಲ ರೂಢಿಯಂತೆ ಬಾಗಿಲ ಕಡೆ ಓಡಿ ಬಂದ, ಬಾಯಿ ಅರ್ಧ ತೆರೆದಿತ್ತು. ಆದರೆ ತಳ್ಳಿದ ಏದುಸಿರಿಗೆ ಮಾತು ಹೊರಡಲಿಲ್ಲ, ಗಾಡಿಯೂ ನಿಲ್ಲಲಿಲ್ಲ.

ಎಂಜಿನ್ನು ಹತ್ತಿ ಹದಿನೈದು ಅಡಿ ಹೋಗುವಷ್ಟರಲ್ಲಿ ಗಂಡ ಇಳಿಸಿಬಿಡುತ್ತಿದ್ದರಿಂದ, ಅದನ್ನು ದಾಟಿದ ಮೇಲಿನದೆಲ್ಲ ಅಂಬುಜಾಳಿಗೆ ಹೊಸ ಊರು. ಮೂರನೆಯ ಗೇರು ಎಲ್ಲಿದೆ ಎಂದು ಕೈಗೆ ಗೊತ್ತಿತ್ತು, ಹಾಕಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲ, ಹಾಕಲಿಲ್ಲ. ಎಂಟರ ಆಕಾರದ ದಾರಿಯನ್ನು ಎರಡನೆಯ ಗೇರಿನಲ್ಲೇ, ತೇರು ಎಳೆದಷ್ಟು ನಿಧಾನವಾಗಿ ಸುತ್ತಿದಳು. ಒಂದು ಕಡೆ ಹಿಂದಿನ ಚಕ್ರ ಗೂಟಕ್ಕೆ ತಾಗಿತು, ಗೂಟ ಬೀಳಲಿಲ್ಲ. ಆಮೇಲೆ ಎಲ್ಲರೂ ಹೆದರುವ ರಿವರ್ಸು ಬಂತು. ಗೇಟಿನಿಂದ ಇಳಿಜಾರಿಗೆ ಅದೆಷ್ಟೋ ಸಲ ಹಿಂದಕ್ಕೆ ತಿರುಗಿಸಿಕೊಂಡು ಬಂದವಳು, ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಒಂದೇ ಸಲಕ್ಕೆ ಗೆರೆಗಳ ನಡುವೆ ತಂದು ನಿಲ್ಲಿಸಿದಳು. ಎಂಜಿನ್ನು ಮಾತ್ರ ಆರಿಸಲಿಲ್ಲ.

ಇನ್ಸ್‌ಪೆಕ್ಟರು ಎದ್ದು ಬಂದು ಕಿಟಕಿಯ ಹತ್ತಿರ ನಿಂತು, ರಿವರ್ಸು ಇಷ್ಟು ಚೆನ್ನಾಗಿ ಯಾರು ಕಲಿಸಿದ್ದು, ಯಾವ ಸ್ಕೂಲು ಎಂದು ಕೇಳಿದರು. ಅಷ್ಟರಲ್ಲಿ ವೆಂಕಟಾಚಲ ಮುಖ ಒರೆಸಿಕೊಳ್ಳುತ್ತ ಅಲ್ಲಿಗೆ ತಲುಪಿದ್ದ. ಉತ್ತರ ಕೇಳಲು ಅವನೂ ನಿಂತ.

"ಸ್ಕೂಲಿಲ್ಲ ಸಾರ್," ಎಂದಳು ಅಂಬುಜಾ. "ಇವ್ರು ರಿಪೇರಿ ಮಾಡ್ತಿರ್ತಾರೆ, ನಾನು ಒಳಗೆ ಕೂತಿರ್ತೀನಿ."

ಇನ್ಸ್‌ಪೆಕ್ಟರು ನಕ್ಕು ಕಾಗದಕ್ಕೆ ಸಹಿ ಹಾಕಿದರು. ಅಂಬುಜಾ ಪಕ್ಕದ ಬಾಗಿಲು ತೆರೆದು ಗಂಡನನ್ನು ಹತ್ತಿಸಿಕೊಂಡು, ಹಳೇ ಮದ್ರಾಸ್ ರಸ್ತೆಗೆ ಗಾಡಿ ತಿರುಗಿಸಿದಳು. ವೆಂಕಟಾಚಲ ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಲಿಲ್ಲ. ಕೊಟ್ಟ ಮಾತು ತಪ್ಪಿದ.